ಊರಿನ ನೀರು, ಒಳಚರಂಡಿ ಕೆಲಸಕ್ಕೆ ಅಮೆರಿಕದಲ್ಲಿ ಯಾವ ಸರ್ಕಾರಿ ಸಾಲ? ಎಸ್‌ಆರ್‌ಎಫ್, ಯುಎಸ್‌ಡಿಎ, ವಿಫಿಯಾ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡೋಣ

ಅಮೆರಿಕದಲ್ಲಿ ಟೌನ್ ಕೌನ್ಸಿಲ್‌ನಲ್ಲೋ ವಾಟರ್ ಡಿಸ್ಟ್ರಿಕ್ಟ್ ಬೋರ್ಡಲ್ಲೋ ಕೂತಿರೋ ಕನ್ನಡದವರು, ಇಲ್ಲಾ ಅಂಥ ಊರುಗಳಿಗೆ ಇಂಜಿನಿಯರ್ ಆಗಿ ಕೆಲಸ ಮಾಡೋರು ಸಿಕ್ಕಾಗೆಲ್ಲ ನಂಗೆ ಕೇಳೋದು ಒಂದೇ: ಪ್ಲಾಂಟ್ ಹಳೇದಾಗಿದೆ, ಪೈಪ್ ಬದಲಾಯಿಸ್ಬೇಕು, ಸರ್ಕಾರದ ಸಾಲದಲ್ಲಿ ಯಾವುದಕ್ಕೆ ಬಡ್ಡಿ ಕಡಿಮೆ? ನಾನು ಹೇಳೋದೂ ಒಂದೇ, ಬಡ್ಡಿನ ಕೊನೇಲಿ ನೋಡಿ. ಮೊದಲು ನೋಡ್ಬೇಕಾಗಿರೋದು ಊರಿನ ಜನಸಂಖ್ಯೆ ಎಷ್ಟು, ಕೆಲಸ ಎಷ್ಟು ದುಡ್ಡಿಂದು, ಅಸಲಲ್ಲಿ ಎಷ್ಟು ಮನ್ನಾ ಆಗೋ ಚಾನ್ಸ್ ಇದೆ, ದುಡ್ಡು ಕೈಗೆ ಬರೋದು ಯಾವಾಗ. ಇಷ್ಟಕ್ಕೆ ಉತ್ತರ ಬರ್ಕೊಂಡ್ರೆ ಬಹಳಷ್ಟು ಊರುಗಳಿಗೆ ಆರಿಸಿಕೊಳ್ಳೋಕೆ ಉಳಿಯೋದೇ ಒಂದೋ ಎರಡೋ ಬಾಗಿಲು.

ಇದೆಲ್ಲ ಸಾಲ ಯಾಕಾಯ್ತು ಅಂತ ಸ್ವಲ್ಪ ಹಿಂದಿನ ಕಥೆ. 1972ರಲ್ಲಿ ಕ್ಲೀನ್ ವಾಟರ್ ಆಕ್ಟ್ ಬಂದಾಗ ಕೊಳಚೆ ನೀರಿನ ಪ್ಲಾಂಟ್ ಕಟ್ಟೋ ಖರ್ಚಲ್ಲಿ ಶೇ. 75ರಷ್ಟನ್ನ ಫೆಡರಲ್ ಸರ್ಕಾರ ಗ್ರಾಂಟ್ ಆಗಿ ಕೊಡ್ತಿತ್ತು, ವಾಪಸ್ ಕಟ್ಟೋ ಮಾತೇ ಇಲ್ಲ. 1981ರ ತಿದ್ದುಪಡಿಲಿ ಅದು ಶೇ. 55ಕ್ಕೆ ಇಳೀತು, 1987ರಲ್ಲಿ ಗ್ರಾಂಟೇ ಬೇಡ ಅಂತ ತೀರ್ಮಾನಿಸಿ ಅದರ ಜಾಗಕ್ಕೆ ಸ್ಟೇಟ್ ರಿವಾಲ್ವಿಂಗ್ ಫಂಡ್, ಅಂದ್ರೆ ಎಸ್‌ಆರ್‌ಎಫ್, ತಂದ್ರು. ಬೋರ್ಡಲ್ಲಿರೋ ಹಿರಿಯರು "ಆಗ ನಾವು ಹೆಚ್ಚುಕಮ್ಮಿ ಪುಕ್ಕಟೆ ಕಟ್ಟಿಸಿದ್ವಿ, ಈಗ ಯಾಕೆ ಸಾಲ" ಅಂತಾರಲ್ಲ, ಅದು ಸುಳ್ಳೇನಲ್ಲ. ಆದ್ರೆ ಹಾಗೆ ಕಟ್ಟಿದ್ದೇ ಈಗ ಸೋರ್ತಾ ಇರೋದು.

ಮೊದಲು ಎಸ್‌ಆರ್‌ಎಫ್

ಇದರಲ್ಲಿ ಎರಡಿದೆ, ಒಂದು ಕ್ಲೀನ್ ವಾಟರ್ ಎಸ್‌ಆರ್‌ಎಫ್, ಅದೇ 1987ರದ್ದು, ಇನ್ನೊಂದು 1996ರಲ್ಲಿ ಸೇಫ್ ಡ್ರಿಂಕಿಂಗ್ ವಾಟರ್ ಆಕ್ಟ್ ತಿದ್ದಿದಾಗ ಬಂದ ಡ್ರಿಂಕಿಂಗ್ ವಾಟರ್ ಎಸ್‌ಆರ್‌ಎಫ್. ಸಿಸ್ಟಂ ಹೇಗೆ ಅಂದ್ರೆ ಇಪಿಎ (ಫೆಡರಲ್ ಸರ್ಕಾರದ ಪರಿಸರ ಸಂರಕ್ಷಣಾ ಸಂಸ್ಥೆ) ಪ್ರತಿ ವರ್ಷ ರಾಜ್ಯಕ್ಕೆ ಬಂಡವಾಳ ಕೊಡತ್ತೆ, ರಾಜ್ಯ ಅದರ ಮೇಲೆ ಶೇ. 20 ತಂದು ಸೇರಿಸತ್ತೆ, ಆ ದುಡ್ಡನ್ನ ಊರುಗಳಿಗೆ ಸಾಲ ಕೊಟ್ಟು, ಊರು ಕಟ್ಟಿದ ಕಂತನ್ನ ಇನ್ನೊಂದು ಊರಿಗೆ ಕೊಡತ್ತೆ, ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಒಬ್ಬರು ಕಟ್ಟಿದ ದುಡ್ಡು ಇನ್ನೊಬ್ಬರ ಸಾಲ ಆಗತ್ತಲ್ಲ ಅದೇ ಲೆಕ್ಕ, ಸೊನ್ನೆಗಳು ಮಾತ್ರ ಜಾಸ್ತಿ. ಅದಕ್ಕೇ ನೀವು ಸಾಲ ತಗೊಳ್ಳೋದು ವಾಷಿಂಗ್ಟನ್‌ನಿಂದ ಅಲ್ಲ, ನಿಮ್ಮ ರಾಜ್ಯದಿಂದ. ಇದನ್ನ ಮರೀಬೇಡಿ, ಯಾಕಂದ್ರೆ ಒಂದು ರಾಜ್ಯದ ರೂಲ್ಸ್ ಓದ್ಕೊಂಡು ಇನ್ನೊಂದು ರಾಜ್ಯದಲ್ಲಿ ಅರ್ಜಿ ಹಾಕೋರು ತುಂಬಾ ಜನ. ಕ್ಯಾಲಿಫೋರ್ನಿಯಾದಲ್ಲಿ ಸ್ಟೇಟ್ ವಾಟರ್ ಬೋರ್ಡು ಆ ರಾಜ್ಯದ ಜನರಲ್ ಆಬ್ಲಿಗೇಶನ್ ಬಾಂಡ್ (ರಾಜ್ಯ ಹೂಡಿಕೆದಾರರಿಂದ ಸಾಲ ಎತ್ತೋ ಪತ್ರ) ಬಡ್ಡಿಯ ಅರ್ಧಕ್ಕೆ ಕೊಡತ್ತೆ, ಟೆಕ್ಸಸ್‌ನಲ್ಲಿ ಇದನ್ನ ನೋಡ್ಕೊಳ್ಳೋದು ಟೆಕ್ಸಸ್ ವಾಟರ್ ಡೆವಲಪ್‌ಮೆಂಟ್ ಬೋರ್ಡ್, ಪೆನ್ಸಿಲ್ವೇನಿಯಾದಲ್ಲಿ ಪೆನ್‌ವೆಸ್ಟ್, ಒಬ್ಬೊಬ್ಬರದ್ದು ಒಂದೊಂದು ಲೆಕ್ಕ. ಫೆಡರಲ್ ಕಾನೂನು ಹೇಳೋದು ಬಡ್ಡಿ ಮಾರ್ಕೆಟ್ ರೇಟ್ ಮೀರಬಾರದು, ಸೊನ್ನೆ ಆದ್ರೂ ಪರವಾಗಿಲ್ಲ ಅಂತ ಅಷ್ಟೇ.

ಎರಡರ ನಡುವೆ ವ್ಯತ್ಯಾಸ ಎಲ್ಲಿ ಅಂದ್ರೆ, ಕ್ಲೀನ್ ವಾಟರ್ ಕಡೆ ಒಳಚರಂಡಿ, ಮಳೆನೀರಿನ ಚರಂಡಿ, ನೀರಿನ ಮರುಬಳಕೆ, ಸೆಪ್ಟಿಕ್ ಟ್ಯಾಂಕ್ ರಿಪೇರಿ, ಹೊಲದಿಂದ ಹರಿದು ಬರೋ ಗೊಬ್ಬರದ ನೀರನ್ನ ತಡೆಯೋದು, ಹೀಗೆ ಬಾಗಿಲು ಅಗಲ ಇದೆ, ಆದ್ರೆ ಊರಿನ ಕೊಳಚೆ ನೀರಿನ ಪ್ಲಾಂಟ್ ಆದ್ರೆ ಅದು ಸಾರ್ವಜನಿಕ ಸಂಸ್ಥೆದೇ ಆಗಿರಬೇಕು. ಡ್ರಿಂಕಿಂಗ್ ವಾಟರ್ ಕಡೆ ಪ್ರೈವೇಟ್ ವಾಟರ್ ಕಂಪನಿಗೂ ಸಾಲ ಸಿಗಬಹುದು. ಆದ್ರೆ ಅಲ್ಲಿ ಡ್ಯಾಮ್‌ಗೆ ಕೊಡಲ್ಲ, ಫೈರ್ ಹೈಡ್ರಂಟೇ ಮುಖ್ಯ ಉದ್ದೇಶ ಆಗಿದ್ರೆ ಕೊಡಲ್ಲ, ಮುಂದೆ ಲೇಔಟ್ ಬರತ್ತೆ ಅಂತ ಈಗಲೇ ದೊಡ್ಡ ಪೈಪ್ ಹಾಕೋದೇ ಉದ್ದೇಶ ಆದ್ರೂ ಕೊಡಲ್ಲ. ಅವಧಿ ಎರಡಕ್ಕೂ ಸಾಮಾನ್ಯವಾಗಿ 30 ವರ್ಷದವರೆಗೆ, ಆದ್ರೆ ಕಟ್ಟೋ ವಸ್ತು ಬಾಳಿಕೆ ಬರೋ ವರ್ಷಕ್ಕಿಂತ ಉದ್ದ ಇರೋ ಹಾಗಿಲ್ಲ. ಕುಡಿಯೋ ನೀರಿನ ಕಡೆ ಬಡ ಊರು ಅಂತ ರಾಜ್ಯ ಗುರುತಿಸಿದ್ರೆ 40 ವರ್ಷ.

ಈಗ ಮುಖ್ಯವಾದ ವಿಷಯ, ಅಸಲು ಮನ್ನಾ. ಇಲ್ಲಿ ಅದನ್ನ ಪ್ರಿನ್ಸಿಪಲ್ ಫರ್ಗಿವ್‌ನೆಸ್ ಅಂತಾರೆ, ನಮ್ಮ ಕಡೆ ಸಾಲಮನ್ನಾ ಥರ ಎಲೆಕ್ಷನ್ ಹತ್ರ ಬರೋದಲ್ಲ, ಸಾಲ ಸೈನ್ ಮಾಡೋ ದಿನಾನೇ ಇಷ್ಟು ವಾಪಸ್ ಬೇಡ ಅಂತ ಬರೆದಿರತ್ತೆ. 2021ರ ನವೆಂಬರ್‌ನಲ್ಲಿ ಬಂದ ಇನ್‌ಫ್ರಾಸ್ಟ್ರಕ್ಚರ್ ಕಾನೂನು ಎರಡೂ ಎಸ್‌ಆರ್‌ಎಫ್‌ಗೆ ತಲಾ 11.7 ಬಿಲಿಯನ್ ಡಾಲರ್ ಹೆಚ್ಚುವರಿ ಹಾಕ್ತು, 2022ರಿಂದ 2026ರವರೆಗಿನ ಐದು ಹಣಕಾಸು ವರ್ಷಕ್ಕೆ, ಅದರಲ್ಲಿ ಶೇ. 49 ಮನ್ನಾ ಅಥವಾ ಗ್ರಾಂಟ್ ಆಗೇ ಹೋಗ್ಬೇಕು ಅಂತ ಷರತ್ತು. ಅದರ ಜೊತೆ ಸೀಸದ ಪೈಪ್ ತೆಗೆಯೋಕೆ 15 ಬಿಲಿಯನ್, ಪಿಎಫ್‌ಎಎಸ್ (ನೀರಲ್ಲಿ ಸುಲಭಕ್ಕೆ ಕರಗಿ ಹೋಗದೆ ಉಳಿಯೋ ರಾಸಾಯನಿಕಗಳು) ಥರದ ಹೊಸ ಮಾಲಿನ್ಯಕ್ಕೆ ಕುಡಿಯೋ ನೀರಿನ ಕಡೆ 4 ಬಿಲಿಯನ್, ಕೊಳಚೆ ನೀರಿನ ಕಡೆ 1 ಬಿಲಿಯನ್, ಈ ಪಿಎಫ್‌ಎಎಸ್ ದುಡ್ಡು ಪೂರ್ತಿ ಮನ್ನಾ. ಹೆಸರು ಸಾಲ, ಕಟ್ಟೋದು ಏನೂ ಇಲ್ಲ. ನಿಮ್ಮ ಬೋರ್‌ವೆಲ್ ನೀರಲ್ಲಿ ಪಿಎಫ್‌ಎಎಸ್ ಇದ್ರೆ ಈ ಪಾತ್ರೆಲಿ ಇನ್ನೂ ದುಡ್ಡು ಉಳಿದಿದೆಯಾ ಅಂತ ರಾಜ್ಯದವರನ್ನ ಕೇಳಿದ ಮೇಲೇನೇ ಬೇರೆ ಕಡೆ ನೋಡಿ. ಸೀಸದ ದುಡ್ಡಲ್ಲಿ ಒಂದು ಕಟ್ಟುನಿಟ್ಟಿದೆ, ರಸ್ತೆ ಕಡೆ ಅರ್ಧ ಪೈಪ್ ಬದಲಾಯಿಸಿ ಮನೆ ಕಡೆ ಅರ್ಧ ಹಾಗೇ ಬಿಡೋ ಹಾಗಿಲ್ಲ, ಇಡೀ ಲೈನ್ ಬದಲಾಗ್ಬೇಕು. ಮನೆಯವರ ಒಪ್ಪಿಗೆ ಪತ್ರ ತರೋದೇ ಅರ್ಧ ಕೆಲಸ ಆಗ್ಬಿಡತ್ತೆ.

ಮನ್ನಾ ಬಡ್ಡಿಗಿಂತ ಎಷ್ಟು ಮುಖ್ಯ ಅಂತ ಒಂದು ಲೆಕ್ಕ ಹಾಕಿ ತೋರಿಸ್ತೀನಿ, ರೇಟ್‌ಗಳು ಉದಾಹರಣೆಗಷ್ಟೇ. 10 ಮಿಲಿಯನ್ ಡಾಲರ್ ಸಾಲ, 30 ವರ್ಷ, ಶೇ. 4ರಲ್ಲಿ ವರ್ಷದ ಕಂತು ಸುಮಾರು 5,78,000 ಡಾಲರ್. ಅದೇ ಶೇ. 2ಕ್ಕೆ ಸಿಕ್ಕರೆ 4,46,000. ಊರಲ್ಲಿ 3,000 ಕನೆಕ್ಷನ್ ಇದ್ರೆ ಮನೆಗೆ ತಿಂಗಳಿಗೆ 16 ಡಾಲರ್ ಇದ್ದದ್ದು 12 ಚಿಲ್ಲರೆಗೆ ಬರತ್ತೆ. ಈಗ ಶೇ. 4ರಲ್ಲೇ ಇರ್ಲಿ, ಆದ್ರೆ 4 ಮಿಲಿಯನ್ ಮನ್ನಾ ಆಯ್ತು ಅನ್ಕೊಳ್ಳಿ, ಉಳಿದ 6 ಮಿಲಿಯನ್‌ಗೆ ವರ್ಷಕ್ಕೆ 3,47,000, ಮನೆಗೆ ತಿಂಗಳಿಗೆ 10 ಡಾಲರ್ ಒಳಗೇ ಮುಗೀತು. ಬಡ್ಡಿಲಿ ಎರಡು ಪರ್ಸೆಂಟ್ ಉಳಿಸೋಕೆ ಒದ್ದಾಡೋ ಬದಲು ಮನ್ನಾ ಪಟ್ಟಿಗೆ ಸೇರೋಕೆ ಒದ್ದಾಡಿ ಅಂತ ನಾನು ಹೇಳೋದು ಇದಕ್ಕೇ.

ತೊಂದರೆ ಇಲ್ವಾ? ಇದೆ. ಕ್ಯೂ ದೊಡ್ಡದು. ರಾಜ್ಯ ಪ್ರತಿ ವರ್ಷ ಇಂಟೆಂಡೆಡ್ ಯೂಸ್ ಪ್ಲಾನ್ (ಆ ವರ್ಷದ ದುಡ್ಡು ಯಾವುದಕ್ಕೆ ಹೋಗತ್ತೆ ಅನ್ನೋ ಯೋಜನೆ) ಅಂತ ಒಂದು ಮಾಡತ್ತೆ, ಅದರ ಜೊತೆ ಯಾರಿಗೆ ಮೊದಲು ಅನ್ನೋ ಪಟ್ಟಿ ಇರತ್ತೆ, ಜನರ ಆರೋಗ್ಯಕ್ಕೆ ಅಪಾಯ ಇರೋ ಕೆಲಸ ಮೇಲೆ, ಬರೀ ಹಳೇದಾಗಿದೆ ಅನ್ನೋದು ಕೆಳಗೆ. ಸಾಲ ಆಯ್ತು ಅಂದ್ರೂ ದುಡ್ಡು ಒಟ್ಟಿಗೆ ಅಕೌಂಟಿಗೆ ಬೀಳಲ್ಲ, ಕಾಂಟ್ರಾಕ್ಟರ್ ಬಿಲ್ ಕಳಿಸ್ತಾ ಇದ್ದಂಗೆ ಬರೋದು. ಇನ್ನೊಂದು, 2022ರ ಬಜೆಟ್‌ನಿಂದ ಈಚೆಗೆ ಅಮೆರಿಕದ ಸಂಸತ್ತಿನ (ಅದಕ್ಕೆ ಕಾಂಗ್ರೆಸ್ ಅಂತಾರೆ) ಸದಸ್ಯರು ತಮ್ಮ ಕ್ಷೇತ್ರದ ಕೆಲಸಗಳಿಗೆ ಇದೇ ದುಡ್ಡಿಂದ ನೇರವಾಗಿ ಎತ್ತಿಟ್ಟುಕೊಳ್ತಿದಾರೆ, ಅಷ್ಟರಮಟ್ಟಿಗೆ ರಾಜ್ಯಕ್ಕೆ ಸಿಗೋ ಮಾಮೂಲಿ ಬಂಡವಾಳ ಕಡಿಮೆ ಆಗ್ತಿದೆ. ಒಂದು ಊರಿಗೆ ಪುಕ್ಕಟೆ ಸಿಕ್ಕಿದ ದುಡ್ಡು ತಿರುಗಿ ಫಂಡಿಗೆ ಬರಲ್ಲ, ಅದು ನಂಗೆ ಸರಿ ಅನ್ಸಲ್ಲ.

ಸಣ್ಣ ಊರಿಗೆ ಯುಎಸ್‌ಡಿಎ

ಕೃಷಿ ಇಲಾಖೆ ಒಳಚರಂಡಿಗೆ ಸಾಲ ಕೊಡತ್ತೆ ಅಂದ್ರೆ ಎಷ್ಟೋ ಜನ ನಂಬಲ್ಲ. ಯುಎಸ್‌ಡಿಎ ರೂರಲ್ ಡೆವಲಪ್‌ಮೆಂಟ್ ಅಂತ ಇದೆ, ಅದರ ವಾಟರ್ ಅಂಡ್ ವೇಸ್ಟ್ ಡಿಸ್ಪೋಸಲ್ ಸಾಲ ಮತ್ತೆ ಗ್ರಾಂಟ್ 10,000 ಅಥವಾ ಅದಕ್ಕಿಂತ ಕಡಿಮೆ ಜನ ಇರೋ ಗ್ರಾಮೀಣ ಪ್ರದೇಶಕ್ಕೆ. ಊರಿನ ಆಡಳಿತ, ಲಾಭಕ್ಕಲ್ಲದ ವಾಟರ್ ಅಸೋಸಿಯೇಷನ್, ಬುಡಕಟ್ಟು ಸರ್ಕಾರಗಳು ಕೇಳಬಹುದು, ಲಾಭಕ್ಕೆ ನಡೆಯೋ ಕಂಪನಿ ಕೇಳೋ ಹಾಗಿಲ್ಲ. ಒಂದು ಮುಖ್ಯ ಷರತ್ತು: ಬೇರೆ ಕಡೆ ನ್ಯಾಯವಾದ ರೇಟಲ್ಲಿ ಸಾಲ ಸಿಗಲ್ಲ ಅಂತ ತೋರಿಸ್ಬೇಕು.

ಇಲ್ಲಿ ಚೆನ್ನಾಗಿರೋದು ಅವಧಿ, 40 ವರ್ಷದವರೆಗೆ. ಬಡ್ಡಿಗೆ ಮೂರು ಮೆಟ್ಟಿಲು, ಪಾವರ್ಟಿ, ಇಂಟರ್‌ಮೀಡಿಯೆಟ್, ಮಾರ್ಕೆಟ್. ಮಾರ್ಕೆಟ್ ರೇಟಿನ ಶೇ. 60 ಪಾವರ್ಟಿ ರೇಟ್, ಶೇ. 80 ಇಂಟರ್‌ಮೀಡಿಯೆಟ್, ಮೂರು ತಿಂಗಳಿಗೊಮ್ಮೆ ರೇಟ್ ಬದಲಾಗತ್ತೆ, ಆದ್ರೆ ನಿಮ್ಮ ಸಾಲ ಒಪ್ಪಿದ ದಿನದ ರೇಟು ಮತ್ತೆ ಕ್ಲೋಸಿಂಗ್ (ಸಾಲದ ಕಾಗದಪತ್ರ ಅಂತಿಮ ಆಗೋ) ದಿನದ ರೇಟು ಎರಡರಲ್ಲಿ ಯಾವುದು ಕಡಿಮೆಯೋ ಅದು ನಿಮಗೆ ಸಿಗತ್ತೆ, ಇಂಥಾ ಔದಾರ್ಯ ಬೇರೆ ಎಲ್ಲಿ ಸಿಗತ್ತೆ ಹೇಳಿ. ಯಾವ ಮೆಟ್ಟಿಲು ಅನ್ನೋದು ಊರಿನ ಮನೆಗಳ ಮಧ್ಯಮ ಆದಾಯದ (ಅರ್ಧ ಮನೆಗಳದ್ದು ಅದಕ್ಕಿಂತ ಜಾಸ್ತಿ, ಅರ್ಧದ್ದು ಕಡಿಮೆ ಇರೋ ಮೀಡಿಯನ್) ಮೇಲೆ ಹೋಗತ್ತೆ, ರಾಜ್ಯದ ಗ್ರಾಮೀಣ ಭಾಗದ ಮಧ್ಯಮ ಆದಾಯಕ್ಕೆ ಹೋಲಿಸಿ. ಅದರ ಶೇ. 80ಕ್ಕಿಂತ ಕೆಳಗಿದ್ದು, ಆರೋಗ್ಯದ ಸಮಸ್ಯೆ ಪರಿಹರಿಸೋ ಕೆಲಸ ಆಗಿದ್ರೆ ಖರ್ಚಿನ ಶೇ. 75ರವರೆಗೂ ಗ್ರಾಂಟ್ ಸಿಗಬಹುದು, ಶೇ. 80ರಿಂದ 100ರ ನಡುವೆ ಇದ್ರೆ ಶೇ. 45ರವರೆಗೆ. ಇದು ಗರಿಷ್ಠ ಮಿತಿ ಅಷ್ಟೇ ಸ್ವಾಮಿ, ಕೊಟ್ಟೇ ಕೊಡ್ತಾರೆ ಅಂತಲ್ಲ, ಸುತ್ತಮುತ್ತಲ ಅಂಥದ್ದೇ ಊರುಗಳ ನೀರಿನ ಬಿಲ್ ಎಷ್ಟಿದೆ ಅಂತ ನೋಡಿ ನಿಮ್ಮ ಬಿಲ್ ಆ ಮಟ್ಟಕ್ಕೆ ಬರೋಷ್ಟು ಮಾತ್ರ ಗ್ರಾಂಟ್ ಕೊಡೋದು. ಅಂದ್ರೆ ನಿಮ್ಮ ಊರಲ್ಲಿ ಬಿಲ್ ತುಂಬಾ ಕಡಿಮೆ ಇಟ್ಕೊಂಡಿದ್ರೆ ಮೊದಲು ಏರಿಸಿ ಆಮೇಲೆ ಬನ್ನಿ ಅಂತಾರೆ.

ಸೆನ್ಸಸ್‌ನವರ ಐದು ವರ್ಷದ ಸರ್ವೆಲಿ ನಿಮ್ಮ ಊರಿನ ಆದಾಯ ವಾಸ್ತವಕ್ಕಿಂತ ಜಾಸ್ತಿ ಬಂದಿದೆ ಅನ್ಸಿದ್ರೆ, ಸಣ್ಣ ಊರಲ್ಲಿ ನಾಲ್ಕು ಶ್ರೀಮಂತರ ಮನೆ ಸ್ಯಾಂಪಲ್‌ಗೆ ಬಿದ್ರೂ ಸಾಕು ಹಾಗಾಗೋಕೆ, ಬೇರೆಯಾಗಿ ಇನ್‌ಕಮ್ ಸರ್ವೆ ಮಾಡಿಸೋ ಅವಕಾಶ ಇದೆ. ಬಾಗಿಲು ಬಾಗಿಲಿಗೆ ಹೋಗಿ ಫಾರ್ಮ್ ತುಂಬಿಸ್ಕೊಳ್ಳೋದು ತಲೆನೋವು, ಆದ್ರೆ ಮೆಟ್ಟಿಲು ಒಂದು ಇಳಿದ್ರೆ 40 ವರ್ಷ ಅದರ ಲಾಭ.

ಆ 40 ವರ್ಷ ಬಗ್ಗೆ ಒಂದು ಎಚ್ಚರಿಕೆ. ಮತ್ತೆ ಅದೇ 10 ಮಿಲಿಯನ್ ತಗೊಳ್ಳಿ, 40 ವರ್ಷ ಶೇ. 3ಕ್ಕೆ ವರ್ಷದ ಕಂತು 4,33,000, ಮೇಲೆ ಹೇಳಿದ 30 ವರ್ಷ ಶೇ. 2ರ ಕಂತಿಗಿಂತಾನೂ ಕಡಿಮೆ. ಬೋರ್ಡ್ ಮೀಟಿಂಗಲ್ಲಿ ಎಲ್ಲರೂ ಖುಷಿ ಆಗ್ತಾರೆ. ಆದ್ರೆ ಒಟ್ಟು ಕಟ್ಟೋದು ನೋಡಿ, 30 ವರ್ಷದ್ದು 13.4 ಮಿಲಿಯನ್, 40 ವರ್ಷದ್ದು 17.3 ಮಿಲಿಯನ್. ಪಂಪು, ಬ್ಲೋವರ್ ಎಲ್ಲ ಅಷ್ಟರಲ್ಲಿ ಎರಡು ಸಲ ಬದಲಾಗಿರತ್ತೆ. ಅದಕ್ಕೇ ಬೇಗ ಸವೆಯೋ ಸಾಮಾನಿಗೆ ಅಂತ ಬೇರೆ ರಿಸರ್ವ್ ಎತ್ತಿಡಿ ಅಂತ ಯುಎಸ್‌ಡಿಎನೇ ಹೇಳತ್ತೆ, ಅದನ್ನ ಬಿಲ್ ಲೆಕ್ಕಕ್ಕೆ ಸೇರಿಸೋದು ಮರೀಬೇಡಿ.

ಇನ್ನೂ ಒಂದೆರಡು ಕೊಂಡಿ ಇದೆ. ದೊಡ್ಡ ಸಾಲ ಆದ್ರೆ ಕಟ್ಟಡ ಕಟ್ಟೋ ಹೊತ್ತಲ್ಲಿ ಬ್ಯಾಂಕಿಂದ ತಾತ್ಕಾಲಿಕ ಸಾಲ ತಗೊಂಡು ನಡೆಸಿ, ಆಮೇಲೆ ಯುಎಸ್‌ಡಿಎ ಸಾಲ ಕ್ಲೋಸ್ ಆದಾಗ ಬ್ಯಾಂಕಿನದ್ದು ತೀರಿಸೋದು ರೂಢಿ, ಆ ಬ್ಯಾಂಕ್ ಬಡ್ಡಿನೂ ಪ್ರಾಜೆಕ್ಟ್ ಖರ್ಚಿಗೆ ಹಾಕ್ಕೊಳ್ಳಿ. ಮುಂದೆ ಊರು ಚೇತರಿಸ್ಕೊಂಡು ಬೇರೆ ಕಡೆ ಸಾಲ ಸಿಗೋ ಹಂತಕ್ಕೆ ಬಂದ್ರೆ ಅಲ್ಲಿ ತಗೊಂಡು ನಮ್ಮದು ತೀರಿಸಿ ಅಂತ ಕೇಳೋ ಹಕ್ಕೂ ಅವರಿಗಿದೆ. ಆದ್ರೆ ಒಂದು ಗುರಾಣಿನೂ ಸಿಗತ್ತೆ: ಸಾಲ ಇರೋವರೆಗೂ ಪಕ್ಕದ ದೊಡ್ಡ ಸಿಟಿ ನಿಮ್ಮ ಸರ್ವಿಸ್ ಏರಿಯಾನ ಸೇರಿಸ್ಕೊಂಡು ನಿಮ್ಮ ಗ್ರಾಹಕರನ್ನ ಕಿತ್ಕೊಳ್ಳೋ ಹಾಗಿಲ್ಲ, ಫೆಡರಲ್ ಕಾನೂನಲ್ಲಿ 1926-ಬಿ ಅಂತ ಕರೆಯೋ ಸೆಕ್ಷನ್. ಸಿಟಿ ಅಂಚಲ್ಲಿರೋ ಗ್ರಾಮೀಣ ವಾಟರ್ ಡಿಸ್ಟ್ರಿಕ್ಟ್‌ಗಳು ಇದೊಂದಕ್ಕೇ ಯುಎಸ್‌ಡಿಎ ಸಾಲನ ಬಿಡದೆ ಇಟ್ಕೊಳ್ಳೋದುಂಟು.

10,000 ದಾಟಿದ ಊರಿಗೆ ಯುಎಸ್‌ಡಿಎ ಪೂರ್ತಿ ಮುಚ್ಚಿಲ್ಲ, ಬ್ಯಾಂಕ್ ಕೊಡೋ ಸಾಲಕ್ಕೆ ಗ್ಯಾರಂಟಿ ನಿಲ್ಲೋ ಸ್ಕೀಮ್ 50,000 ಜನದವರೆಗೆ ಇದೆ, ಆದ್ರೆ ಅದರಲ್ಲಿ ಬಡ್ಡಿ ಬ್ಯಾಂಕಿಂದು, ಗ್ರಾಂಟ್ ಇಲ್ಲ, ಅದನ್ನ ನಾನು ಮೇಲಿನ ಸಾಲದ ಜೊತೆ ಒಂದೇ ತಕ್ಕಡಿಲಿ ಇಡಲ್ಲ.

ದೊಡ್ಡ ಕೆಲಸಕ್ಕೆ ವಿಫಿಯಾ

ವಿಫಿಯಾ ಅಂದ್ರೆ ವಾಟರ್ ಇನ್‌ಫ್ರಾಸ್ಟ್ರಕ್ಚರ್ ಫೈನಾನ್ಸ್ ಅಂಡ್ ಇನ್ನೊವೇಶನ್ ಆಕ್ಟ್. ಇದು ನೇರವಾಗಿ ಇಪಿಎದೇ ಸಾಲ, 2014ರಲ್ಲಿ ಕಾನೂನು ಆಯ್ತು, ಮೊದಲ ಸಾಲ ಹೋಗಿದ್ದು 2018ರಲ್ಲಿ ಸಿಯಾಟಲ್ ಇರೋ ಕಿಂಗ್ ಕೌಂಟಿಗೆ, ಸುಮಾರು 134.5 ಮಿಲಿಯನ್ ಡಾಲರ್. ಅದೇ ವರ್ಷ ಕೊಳಚೆ ನೀರನ್ನ ಶುದ್ಧ ಮಾಡಿ ಕುಡಿಯೋ ನೀರು ಮಾಡೋ ಯೋಜನೆಗೆ ಸ್ಯಾನ್ ಡಿಯಾಗೋಗೆ 614 ಮಿಲಿಯನ್ ಕೊಟ್ರು. ಈ ಅಂಕಿ ನೋಡಿದ್ರೇನೇ ಇದು ಯಾರಿಗೆ ಅಂತ ಗೊತ್ತಾಗತ್ತೆ. ಕನಿಷ್ಠ ಪ್ರಾಜೆಕ್ಟ್ 20 ಮಿಲಿಯನ್ ಡಾಲರ್ ಇರಬೇಕು, 25,000ಕ್ಕಿಂತ ಹೆಚ್ಚು ಜನ ಇಲ್ಲದ ಊರಾದ್ರೆ 5 ಮಿಲಿಯನ್ ಸಾಕು. ಅರ್ಜಿ ಶುಲ್ಕ ದೊಡ್ಡವರಿಗೆ ಒಂದು ಲಕ್ಷ ಡಾಲರ್, ಸಣ್ಣ ಊರಿಗೆ 25,000, ಇದಲ್ಲದೆ ಇಪಿಎ ನೇಮಿಸೋ ವಕೀಲರು, ಹಣಕಾಸು ಸಲಹೆಗಾರರ ಖರ್ಚೂ ಕೊನೆಗೆ ನಿಮ್ಮ ತಲೆಗೇ, ಅದನ್ನ ಸಾಲದಲ್ಲೇ ಸೇರಿಸಬಹುದು ಅನ್ನೋದೊಂದು ಸಮಾಧಾನ. 5 ಮಿಲಿಯನ್ ಕೆಲಸಕ್ಕೆ ಇಷ್ಟೆಲ್ಲ ಖರ್ಚು ಮಾಡ್ಕೊಂಡು ಹೋಗೋದು ನಂಗಂತೂ ಲೆಕ್ಕ ಹೊಂದಲ್ಲ, ಕಾನೂನು ಬಿಡತ್ತೆ ಅಂದಮಾತ್ರಕ್ಕೆ ಹೋಗ್ಬೇಕು ಅಂತೇನಿಲ್ಲ.

ಸಾಲ ಸಾಮಾನ್ಯವಾಗಿ ಖರ್ಚಿನ ಶೇ. 49ರವರೆಗೆ ಮಾತ್ರ, ಉಳಿದದ್ದು ಬಾಂಡ್, ಎಸ್‌ಆರ್‌ಎಫ್, ಕೈದುಡ್ಡು ಎಲ್ಲಿಂದಾದ್ರೂ ತರಬೇಕು. ಮನ್ನಾ ಅನ್ನೋದು ಇಲ್ಲ. ಬಡ್ಡಿ ಸಾಲ ಸೈನ್ ಮಾಡೋ ದಿನದ ಅಮೆರಿಕ ಟ್ರೆಜರಿ ರೇಟಿಗೆ (ಫೆಡರಲ್ ಸರ್ಕಾರ ತಾನೇ ಸಾಲ ಎತ್ತೋ ಬಡ್ಡಿ) ಕಟ್ಟಿರತ್ತೆ. ಹಾಗಾದ್ರೆ ಯಾಕೆ ಜನ ಮುಗಿಬೀಳ್ತಾರೆ? ಮೂರು ಕಾರಣ ಇದೆ ಅಂತ ನಂಗನ್ಸತ್ತೆ. ಒಂದು, ನಿಮ್ಮ ಕ್ರೆಡಿಟ್ ರೇಟಿಂಗ್ ಸಾಧಾರಣ ಇದ್ರೂ, ಇನ್ವೆಸ್ಟ್‌ಮೆಂಟ್ ಗ್ರೇಡ್ (ಸಾಲ ತೀರಿಸ್ತಾರೆ ಅಂತ ನಂಬಬಹುದಾದ ಮಟ್ಟದ ರೇಟಿಂಗ್) ಅಂತೂ ಇರಲೇಬೇಕು, ತುಂಬಾ ಒಳ್ಳೇ ರೇಟಿಂಗ್ ಇರೋರಿಗೆ ಸಿಗೋ ಬಡ್ಡಿನೇ ನಿಮಗೂ. ಎರಡು, ಸೈನ್ ಮಾಡಿದ ದಿನ ರೇಟ್ ಲಾಕ್, ಆದ್ರೆ ಬಡ್ಡಿ ಓಡೋದು ದುಡ್ಡು ತೆಗೆದ ಮೇಲೆ ತೆಗೆದಷ್ಟಕ್ಕೆ ಮಾತ್ರ, ಬಾಂಡ್ ಆದ್ರೆ ಮಾರಿದ ದಿನದಿಂದ ಪೂರ್ತಿ ಮೊತ್ತಕ್ಕೆ ಬಡ್ಡಿ ಓಡ್ತಿರತ್ತೆ. ಮೂರು, ಇದೇ ದೊಡ್ಡದು, ಕೆಲಸ ಹೆಚ್ಚುಕಮ್ಮಿ ಮುಗಿದ ಮೇಲೆ ಐದು ವರ್ಷದವರೆಗೆ ಕಂತು ಮುಂದೂಡಬಹುದು, ಸಾಲ ಮುಗಿಯೋದು ಅಲ್ಲಿಂದ 35 ವರ್ಷದವರೆಗೆ. ಅಂದ್ರೆ ಗ್ರಾಹಕರ ಬಿಲ್‌ನ ಒಂದೇ ಸಲ ಏರಿಸೋ ಬದಲು ಸ್ವಲ್ಪಸ್ವಲ್ಪ ಏರಿಸ್ಕೊಂಡು ಹೋಗೋಕೆ ಉಸಿರಾಡೋ ಜಾಗ ಸಿಗತ್ತೆ, ಹಳೇ ಬಾಂಡ್ ತೀರೋವರೆಗೆ ಇದರ ಕಂತನ್ನ ಸಣ್ಣದಾಗಿ ಇಟ್ಕೊಳ್ಳೋ ಹಾಗೆ ವೇಳಾಪಟ್ಟಿನೂ ಮಾಡಿಸ್ಕೋಬಹುದು.

ಎಲ್ಲ ಕಾಲದಲ್ಲೂ ವಿಫಿಯಾನೇ ಅಗ್ಗ ಅಂತಲ್ಲ. ಊರುಗಳು ಮಾರೋ ಬಾಂಡಿನ ಬಡ್ಡಿ ಮೇಲೆ ಹೂಡಿಕೆದಾರರಿಗೆ ಫೆಡರಲ್ ಟ್ಯಾಕ್ಸ್ ಇಲ್ಲ, ಅದಕ್ಕೆ ಒಳ್ಳೇ ರೇಟಿಂಗ್ ಇರೋ ಊರಿಗೆ ಟ್ರೆಜರಿಗಿಂತ ಕಡಿಮೆ ಬಡ್ಡಿಗೆ ಬಾಂಡ್ ಹೋಗೋ ಕಾಲಾನೂ ಬರತ್ತೆ, ಅಂಥಾ ಹೊತ್ತಲ್ಲಿ ವಿಫಿಯಾ ತಗೊಳ್ಳೋದು ಬಡ್ಡಿಗಲ್ಲ, ಆ ಮುಂದೂಡೋ ಅನುಕೂಲಕ್ಕೆ. ಈ ವ್ಯತ್ಯಾಸ ಹೇಳದೆ ಬರೀ ಕಡಿಮೆ ಬಡ್ಡಿ ಅಂತ ಸ್ಲೈಡ್ ತೋರಿಸೋ ಸಲಹೆಗಾರರ ಹತ್ರ ಹುಷಾರು.

ಹಾಗಾದ್ರೆ ನಿಮಗೆ ಯಾವುದು

4,000 ಜನ, ಆದಾಯ ಕಡಿಮೆ, ಕೊಳಚೆ ಹೊಂಡ ತುಂಬಿ ಹರೀತಿದೆ ಅಂದ್ರೆ ಎಸ್‌ಆರ್‌ಎಫ್, ಯುಎಸ್‌ಡಿಎ ಎರಡಕ್ಕೂ ಒಟ್ಟಿಗೆ ಹೋಗಿ, ಮನ್ನಾ ಮತ್ತೆ ಗ್ರಾಂಟ್ ಯಾರು ಎಷ್ಟು ಹೇಳ್ತಾರೆ ನೋಡಿ ನಿರ್ಧಾರ ಮಾಡಿ, ಎರಡೂ ಸೇರಿಸಿ ಮಾಡಿದ ಪ್ರಾಜೆಕ್ಟ್‌ಗಳೂ ಬೇಕಾದಷ್ಟಿವೆ. 15,000ದಿಂದ 40,000 ಜನ ಇರೋ ಊರಿಗೆ ನನ್ನ ಉತ್ತರ ಬಹುತೇಕ ಎಸ್‌ಆರ್‌ಎಫ್, ಪಟ್ಟಿಲಿ ಮೇಲೆ ಬರದಿದ್ರೆ ಬಾಂಡ್. ಕೆಲಸ 50 ಮಿಲಿಯನ್ ದಾಟಿ, ಐದಾರು ವರ್ಷ ಹಂತಹಂತವಾಗಿ ಕಟ್ಟೋದಾದ್ರೆ ವಿಫಿಯಾ ಜೊತೆ ಎಸ್‌ಆರ್‌ಎಫ್ ಅಥವಾ ಬಾಂಡ್. ಪ್ರೈವೇಟ್ ಕಂಪನಿ ಆದ್ರೆ ಕುಡಿಯೋ ನೀರಿನ ಎಸ್‌ಆರ್‌ಎಫ್, ದೊಡ್ಡದಾದ್ರೆ ವಿಫಿಯಾ. ಇನ್ನೂರು ಮನೆಯ ಅಸೋಸಿಯೇಷನ್ ಒಂದು ಬೋರ್‌ವೆಲ್ ಇಟ್ಕೊಂಡಿದ್ರೆ ವಿಫಿಯಾ ಹೆಸರೂ ಎತ್ತಬೇಡಿ.

ಯಾವುದಕ್ಕೆ ಹೋದ್ರೂ ತಪ್ಪದ ತಾಪತ್ರಯಗಳು ಒಂದೇ: ಕಬ್ಬಿಣ, ಸ್ಟೀಲು ಅಮೆರಿಕದ್ದೇ ಆಗಿರಬೇಕು, 2021ರ ಕಾನೂನು ಬಂದ ಮೇಲೆ ಬೇರೆ ಸಾಮಗ್ರಿಗಳಿಗೂ ಅದೇ ಥರ, ಎಸ್‌ಆರ್‌ಎಫ್, ವಿಫಿಯಾ ಕೆಲಸದವರಿಗೆ ಡೇವಿಸ್-ಬೇಕನ್ ಕಾನೂನಿನ ಕೂಲಿ (ಆ ಜಾಗದಲ್ಲಿ ಚಾಲ್ತಿಲಿರೋ ಕೂಲಿಗಿಂತ ಕಡಿಮೆ ಕೊಡೋ ಹಾಗಿಲ್ಲ), ಎಲ್ಲದಕ್ಕೂ ಪರಿಸರ ಪರಿಶೀಲನೆ. ಪರಿಶೀಲನೆ ಮುಗಿಯೋಕೆ ಮುಂಚೆ ಜಾಗ ಕೊಂಡು, ಕಾಂಟ್ರಾಕ್ಟ್ ಸೈನ್ ಮಾಡಿ, ಆಮೇಲೆ ಸಾಲಕ್ಕೆ ಬಂದ್ರೆ ಅನರ್ಹ ಆಗಬಹುದು, ಬೇಗ ಮುಗಿಸೋಣ ಅನ್ನೋ ಉತ್ಸಾಹದಲ್ಲೇ ಇದು ಆಗೋದು. ಎಸ್‌ಆರ್‌ಎಫ್‌ನಲ್ಲಿ ಒಂದು ಸಂದು ಇದೆ, ರಾಜ್ಯಕ್ಕೆ ವಾಪಸ್ ಬಂದ ಕಂತಿನ ದುಡ್ಡಿಂದ ಕೊಟ್ಟ ಸಾಲಕ್ಕೆ ಈ ಫೆಡರಲ್ ಷರತ್ತುಗಳಲ್ಲಿ ಕೆಲವು ಅನ್ವಯ ಆಗಲ್ಲ, ಸ್ಟೀಲು, ಕೂಲಿ ಷರತ್ತು ಮಾತ್ರ ಇದ್ದೇ ಇರತ್ತೆ. ನಿಮ್ಮ ಸಾಲ ಯಾವ ಪಾತ್ರೆಯಿಂದ ಅಂತ ರಾಜ್ಯದವರನ್ನ ಬಾಯಿಬಿಟ್ಟು ಕೇಳಿ, ತಾವಾಗೇ ಹೇಳಲ್ಲ.

ಈ ವಾರ ಮಾಡೋ ಕೆಲಸ ಒಂದಿದ್ರೆ ರಾಜ್ಯದ ಎಸ್‌ಆರ್‌ಎಫ್ ಆಫೀಸಿಗೆ ಫೋನ್ ಮಾಡೋದು. ಮುಂದಿನ ಪಟ್ಟಿಗೆ ಪ್ರಾಜೆಕ್ಟ್ ಹೆಸರು ಕೊಡೋ ಕೊನೇ ದಿನ ಯಾವುದು, ಬಡ ಊರು ಅಂತ ಗುರುತಿಸೋಕೆ ಈ ವರ್ಷ ಯಾವ ಅಳತೆ ಇಟ್ಟಿದಾರೆ, ಎರಡೂ ಕೇಳಿ ಬರ್ಕೊಳ್ಳಿ. ಎಷ್ಟೋ ರಾಜ್ಯಗಳಲ್ಲಿ ಆ ಕಿಟಕಿ ವರ್ಷಕ್ಕೆ ಒಂದೇ ಸಲ ತೆರೆಯೋದು, ಇಂಜಿನಿಯರಿಂಗ್ ರಿಪೋರ್ಟ್ ಪೂರ್ತಿ ರೆಡಿ ಆಗ್ಲಿ ಅಂತ ಕಾದ್ರೆ ಆ ವರ್ಷ ಹೋಯ್ತು, ಎಷ್ಟೋ ಕಡೆ ಪಟ್ಟಿಗೆ ಸೇರೋಕೆ ನಾಲ್ಕು ಪುಟದ ಫಾರ್ಮ್ ಸಾಕಾಗಿರತ್ತೆ.